ಕಿವಿಕೊಟ್ಟು ಆರಿಸಿದ ಡಿಸ್ಕು

"ಮತ್ತೆ ಸತ್ತಿದೆ ಕಣೋ" ಅಂದಳು ಅಕ್ಕ, ಫೋನಿನಲ್ಲಿ.

ತಮ್ಮ ಆ ಹೊತ್ತಿಗೆ ಒಂದು ಕಚೇರಿ ಕಟ್ಟಡದ ಲಿಫ್ಟಿನ ನೆತ್ತಿಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದ. ಲಿಫ್ಟ್ ಮೆಕ್ಯಾನಿಕ್ಕಿಗೆ ಅದೇ ಕುರ್ಚಿ, ಅದೇ ಮೇಜು. ಒಂದು ಕೈಯಲ್ಲಿ ಗ್ರೀಸು, ಇನ್ನೊಂದರಲ್ಲಿ ಫೋನು. ಸತ್ತವರು ಯಾರು ಅಂತ ಅವನು ಕೇಳಲಿಲ್ಲ. ಅವನೇ ಕೈಯಾರೆ ಮಾಡಿಕೊಟ್ಟ ಹಾಡಿನ ಪೆಟ್ಟಿಗೆ ಅದು, ಸಾಯುವುದು ಇದು ಎರಡನೇ ಸಲ. ಹೋದ ಸಲ ಒಳಗಿನ ಮೆಮೊರಿ ಕಾರ್ಡು ಅಗ್ಗದ್ದು ಅಂತ ಸಮಾಧಾನ ಮಾಡಿಕೊಂಡಿದ್ದ. ಈ ಸಲ ಒಳ್ಳೇ ಕಾರ್ಡೇ ಹಾಕಿದ್ದ. ಹಾಗಾದರೆ ಏನಾಗಿರಬಹುದು? ಅವನ ತಲೆ ಓಡತೊಡಗಿತು. ತಲೆ ಓಡಿದಾಗಲೆಲ್ಲ ಬಾಯಿ ನಿಲ್ಲುವುದು ಅವನ ಹುಟ್ಟುಗುಣ.

"ಲೈನಲ್ಲಿದ್ದೀಯೇನೋ?" ಅಂದಳು ಅಕ್ಕ.

ಅವನಿನ್ನೂ ಕಾರ್ಡಿನ ಗುಂಗಿನಲ್ಲೇ ಇದ್ದ. ಫೋನು ಕಟ್ ಆಯಿತು. ಉಸಿರು ತೆಗೆಯುವಷ್ಟರಲ್ಲಿ ಮತ್ತೆ ಹೊಡೆದುಕೊಂಡಿತು.

"ಯಾಕಕ್ಕಾ ಸುಮ್ಮಸುಮ್ಮನೆ ಕಟ್ ಮಾಡ್ತೀಯಾ? ಇದ್ದೆನಲ್ಲ!"

"ಇದ್ದೀಯಾ ಅಂತ ನನಗೆ ಹೇಗೋ ಗೊತ್ತಾಗ್ಬೇಕು? ಇದ್ದೋನು ಒಂದು ಕೆಮ್ಮಾದ್ರೂ ಕೆಮ್ಮಪ್ಪಾ."

ಈ ಜಗಳ ಇವತ್ತಿನದಲ್ಲ. ಅವನು ಸುಮ್ಮನಾಗುವುದು, ಅವಳು ಫೋನಿಟ್ಟು ಮತ್ತೆ ಮಾಡುವುದು, ಅವನು ರೇಗುವುದು, ಇದು ಅವರಿಬ್ಬರ ನಡುವೆ ನಡೆದುಕೊಂಡೇ ಬಂದಿತ್ತು. ಮನೆಯಲ್ಲಿ ಹೆಂಡತಿ ಅವನನ್ನು ಗುಮ್ಮನಗುಸುಕ ಅನ್ನುತ್ತಿದ್ದಳು. ಹೊರಗೆ ಕೆಲಸದವರು ಅಷ್ಟು ಉದ್ದದ ಹೆಸರು ಹಿಡಿಸದೆ ಬರೀ ಗುಮ್ಮ ಅನ್ನುತ್ತಿದ್ದರು. ಅವನಿಗೆ ಎರಡರ ಬಗ್ಗೆಯೂ ಬೇಜಾರಿರಲಿಲ್ಲ. ಅವನ ಕಸುಬಿನಲ್ಲಿ ಸದ್ದೇ ರೋಗ. ಕಿರ್ ಅಂದರೆ ಬೇರಿಂಗು, ಟಕ್ ಅಂದರೆ ಬಾಗಿಲು, ಗೊರ್ ಅಂದರೆ ಹಗ್ಗದ ಗಾಲಿ. ಏರಿದ್ದೂ ಇಳಿದದ್ದೂ ಒಳಗಿದ್ದವರಿಗೆ ತಿಳಿಯಬಾರದು, ಅದು ಚೆನ್ನಾಗಿರುವ ಲಿಫ್ಟು. ಹಾಗಾಗಿ ಸದ್ದಿಲ್ಲದ ಯಾವುದೇ ವಸ್ತು ಕಂಡರೂ ಅವನಿಗೆ ಗೌರವ.

ಅಕ್ಕನ ವಿಷಯ ಬೇರೆ. ಹರೆಯದಿಂದ ಹಿಡಿದು ಕೂದಲು ಹಣ್ಣಾಗುವ ತನಕ ಅವಳು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಕಿವಿಗೆ ಹೆಡ್‌ಫೋನು, ಎದುರಿಗೆ ಗೋಡೆಯಗಲದ ಬೋರ್ಡು, ಅದರ ತುಂಬ ತೂತು, ಕೈಯಲ್ಲಿ ದಾರದಂಥ ವಯರು. ಊರಿನ ಅರ್ಧ ಜಗಳ, ಅರ್ಧ ಪ್ರೀತಿ ಅವಳ ಬೆರಳಿನ ಮೂಲಕವೇ ಹಾದುಹೋಗಿದೆ ಅಂತ ಅವಳೇ ಹೇಳಿಕೊಳ್ಳುತ್ತಿದ್ದಳು. ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಕಣ್ಣು ಕೈಕೊಟ್ಟಿತು. ನೋಟದ ನಡುಭಾಗ ಮಸಕಾಗಿ ಅಂಚು ಮಾತ್ರ ಉಳಿಯಿತು. ಎದುರಿಗಿದ್ದವರ ಮುಖ ಕಾಣದು, ಬಾಗಿಲ ಚೌಕಟ್ಟು ಕಾಣುತ್ತದೆ. ಅಂಥ ಕಣ್ಣು.

ಆಮೇಲೆ ಒಂದೊಂದೇ ಕೆಲಸ ಇನ್ನೊಬ್ಬರ ಕೈಗೆ ಹೋಯಿತು. ಪೇಪರು ಓದಿ ಹೇಳುವುದು ಎದುರುಮನೆಯಾಕೆ. ಮಾತ್ರೆ ವಿಂಗಡಿಸಿಡುವುದು ತಮ್ಮನ ಹೆಂಡತಿ, ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವವಳಾದ್ದರಿಂದ ಅದು ಅವಳ ಪಾಲಿಗೆ ಬಂತು. ಸೂಜಿಗೆ ದಾರ ಪೋಣಿಸುವುದು ಯಾರು ಸಿಕ್ಕರೆ ಅವರು. ಅಕ್ಕ ಎಲ್ಲವನ್ನೂ ನಗುತ್ತಲೇ ಬಿಟ್ಟುಕೊಟ್ಟಳು. ಕೊನೆಗೆ ಕ್ಯಾಸೆಟ್ಟಿನ ಮೇಲಿನ ಹೆಸರೂ ಕಾಣದಾಯಿತು. "ಆ ಹಾಡು ಯಾವುದರಲ್ಲಿದೆ ನೋಡಮ್ಮಾ" ಅಂತ ಎದುರುಮನೆಯಾಕೆಯನ್ನು ಕೇಳಬೇಕಾಗಿ ಬಂದ ದಿನ ಮಾತ್ರ ಅವಳು ನಗಲಿಲ್ಲ. ತಮ್ಮನಿಗೆ ಫೋನು ಮಾಡಿ, "ಹಾಡು ಕೇಳೋಕೂ ಒಬ್ಬರ ಅಪ್ಪಣೆ ಬೇಕೇನೋ?" ಅಂದಳು.

ಆವಾಗ ಹುಟ್ಟಿದ್ದು ಈ ಪೆಟ್ಟಿಗೆ. ಅಂಗೈಯಗಲದ ಒಂದು ಪುಟ್ಟ ಕಂಪ್ಯೂಟರು ತಂದ. ಅಕ್ಕನ ಕ್ಯಾಸೆಟ್ಟುಗಳನ್ನೆಲ್ಲ ಅದಕ್ಕೆ ಇಳಿಸಿದ. ಮರದ ಪೆಟ್ಟಿಗೆ ಮಾಡಿ, ಮುಂದೆ ಹಳೇ ಲಿಫ್ಟಿನಿಂದ ಬಿಚ್ಚಿದ ಗುಂಡಿ ಕೂರಿಸಿದ. ಲಿಫ್ಟಿನ ಗುಂಡಿಗಳ ಮೇಲೆ ಗುರುತು ಉಬ್ಬಿರುತ್ತದೆ ನೋಡಿ, ಬೆರಳಿಗೆ ತಿಳಿಯುತ್ತದೆ. ಮೇಲಿನ ಬಾಣ ಒತ್ತಿದರೆ ಮುಂದಿನ ಹಾಡು, ಕೆಳಗಿನದು ಒತ್ತಿದರೆ ಹಿಂದಿನದು, ಬಾಗಿಲು ತೆರೆಯುವ ಗುಂಡಿ ಒತ್ತಿದರೆ ಶುರು. ಪೆಟ್ಟಿಗೆಗೆ ಕರೆಂಟು ಬಂದ ಕೂಡಲೇ ಲಿಫ್ಟು ಬಂದು ನಿಂತ ಹಾಗೆ 'ಡಿಂಗ್' ಅಂತ ಒಂದು ಗಂಟೆ, ಅದರ ಹಿಂದೆಯೇ ತಾನಾಗಿ ಹಾಡು. ಸ್ಪೀಕರಿನಲ್ಲಿ ಸಣ್ಣದೊಂದು ಗುಂಯ್‌ಗುಡುವ ಸದ್ದಿತ್ತು, ಅದು ಅವನ ಮರ್ಯಾದೆಗೆ ಕುಂದು. ಹಾಡು ನಿಂತ ಕ್ಷಣ ಸ್ಪೀಕರೇ ಬಾಯಿಮುಚ್ಚುವಂತೆ ಮಾಡಿಟ್ಟ. ಹಾಡು ಮುಗಿದರೆ ಪೆಟ್ಟಿಗೆ ಕಲ್ಲಿನಷ್ಟು ಮೌನ. ಅದನ್ನು ಹೆಂಡತಿಗೆ ತೋರಿಸಿ, "ಕೇಳಿಸ್ಕೋ, ಏನಾದ್ರೂ ಕೇಳುತ್ತಾ?" ಅಂದಿದ್ದ. "ಏನೂ ಇಲ್ಲ, ಥೇಟ್ ನಿಮ್ಮ ಹಾಗೇ" ಅಂದಿದ್ದಳು ಅವಳು.

ಎಲ್ಲ ಸರಿಯಿತ್ತು, ಸಾಯುವುದೊಂದು ಬಿಟ್ಟರೆ.

ಎರಡನೇ ಸಾವಿನ ಮಾರನೇ ದಿನ ಅವನು ಕಂಪ್ಯೂಟರ್ ಅಂಗಡಿಗೆ ಹೋದ. ಅಂಗಡಿಯವನು ಮಾತುಗಾರ, ಒಂದು ಕೇಳಿದರೆ ಹತ್ತು ಹೇಳುವ ಆಸಾಮಿ.

"ಕಾರ್ಡು ಅಂದ್ರೆ ಉಗುರಿನಷ್ಟು ಇರೋದು ಸಾರ್, ಅದಕ್ಕೆಷ್ಟು ಜೀವ ಇರುತ್ತೆ ಹೇಳಿ? ನೀವು ಹಾಡು ಕೇಳ್ತಿದ್ರೂ ಕಂಪ್ಯೂಟರು ಒಳಗೊಳಗೇ ಏನೋ ಬರ್ಕೋತಾನೇ ಇರುತ್ತೆ. ಯಾವ ಹಾಡು ಹಾಕಿದ್ರಿ, ಎಲ್ಲಿ ನಿಲ್ಸಿದ್ರಿ, ಎಲ್ಲಾನೂ. ಬರ್ದು ಬರ್ದು ಕಾರ್ಡು ಸವೆಯುತ್ತೆ. ಪೆನ್ ಡ್ರೈವೂ ಅದೇ ಜಾತಿ. ಹಳೇ ಹಾರ್ಡ್ ಡಿಸ್ಕು ಅಂತೀರಾ? ಒಳಗೆ ತಟ್ಟೆ ತಿರುಗುತ್ತೆ, ಬಿಸಿಯಾಗುತ್ತೆ, ಸದ್ದು ಬೇರೆ. ಅದನ್ನ ಈಗ ಯಾರು ಸಾರ್ ಮೂಸ್ತಾರೆ? ಎಸ್‌ಎಸ್‌ಡಿ ತಗೊಳ್ಳಿ. ಒಳಗೆ ತಿರುಗೋದೇ ಇಲ್ಲ. ಚಾಕ್ಲೇಟ್ ಪಟ್ಟಿ ಹಾಗಿರುತ್ತೆ. ಉಸಿರಿಲ್ಲ, ಸದ್ದಿಲ್ಲ."

ಸದ್ದಿಲ್ಲ ಅಂದದ್ದೇ ತಡ ಗುಮ್ಮನ ಕಿವಿ ನಿಮಿರಿತು. ಆದರೂ ಒಬ್ಬರ ಮಾತು ಕೇಳಿ ತೀರ್ಮಾನ ಮಾಡುವವನಲ್ಲ ಅವನು. ಮನೆಗೆ ಬಂದು ಇಂಟರ್‌ನೆಟ್ಟಿನಲ್ಲಿ ಹುಡುಕಿದ. ಅಲ್ಲಿನ ಜನರ ವಿಷಯ ನಿಮಗೆ ಗೊತ್ತಲ್ಲ. ಒಬ್ಬ ಕಾರ್ಡೇ ಸಾಕು ಅಂದರೆ ಇನ್ನೊಬ್ಬ ಕಾರ್ಡು ಹಾಕಿದವನಿಗೆ ಬುದ್ಧಿಯಿಲ್ಲ ಅಂತಾನೆ. ಮೂರನೆಯವನು ಬಂದು ನಿಮ್ಮಿಬ್ಬರಿಗೂ ಬುದ್ಧಿಯಿಲ್ಲ ಅಂತಾನೆ. ನಾಲ್ಕನೆಯವನು ತನ್ನ ಮನೆಯ ಫೋಟೊ ಹಾಕಿ ಹೊರಟುಹೋಗುತ್ತಾನೆ. ಓದಿ ಓದಿ ಅವನ ಕಣ್ಣು ಕೆಂಪಾಯಿತೇ ಹೊರತು ಒಂದು ದಾರಿ ಕಾಣಲಿಲ್ಲ. ಕೊನೆಗೆ ಮನಸ್ಸು ಎಲ್ಲಿಗೆ ಮೊದಲೇ ಹೋಗಿತ್ತೋ ಅಲ್ಲಿಗೇ ಹೋಯಿತು. ಎಸ್‌ಎಸ್‌ಡಿ ತಂದ, ಕಾರ್ಡು ಕಿತ್ತುಹಾಕಿ ಎಲ್ಲವನ್ನೂ ಅದಕ್ಕೇ ತುಂಬಿದ. ಪೆಟ್ಟಿಗೆ ಇನ್ನೂ ಚುರುಕಾಯಿತು. ಅಕ್ಕ ಗುಂಡಿ ಒತ್ತುವ ಮೊದಲೇ ಹಾಡು ಬಂದ ಹಾಗಾಯಿತು.

"ಈ ಸಲ ಗಟ್ಟಿ" ಅಂದ ಅವನು. ಅಷ್ಟುದ್ದ ಮಾತಾಡಿದ್ದಕ್ಕೆ ಅಕ್ಕ ಅವನ ಬೆನ್ನು ತಟ್ಟಿದಳು.

ತಿಂಗಳೂ ಕಳೆದಿರಲಿಲ್ಲ, ಎಸ್‌ಎಸ್‌ಡಿಯೂ ಸತ್ತಿತು. ಗುಮ್ಮ ಓಡಿಬಂದು ನೋಡಿದರೆ ಡಿಸ್ಕು ಗಟ್ಟಿಯಾಗೇ ಇದೆ, ಆದರೆ ಒಳಗೆ ಬರೆದದ್ದೆಲ್ಲ ಕಲಸುಮೇಲೋಗರ. ಅಕ್ಕ ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತು, ಮಡಿಲಲ್ಲಿ ಕೈಯಿಟ್ಟುಕೊಂಡು ಅವನ ಸ್ಕ್ರೂಡ್ರೈವರಿನ ಸದ್ದು ಕೇಳುತ್ತಿದ್ದಳು.

"ಸಾಕು ಬಿಡೋ" ಅಂದಳು. "ನನ್ನ ಕೈಗುಣಾನೇ ಸರಿಯಿಲ್ಲ. ನಿನಗೂ ದಂಡ, ನನಗೂ ಬೇಜಾರು. ಎದುರುಮನೆಯಾಕೆ ದಿನಾ ಬಂದು ಹಾಡು ಹಾಕಿಕೊಡ್ತೀನಿ ಅಂದಿದಾಳೆ. ಹಾಗೇ ಆಗ್ಲಿ."

"ಇನ್ನೊಂದೇ ಸಲ ಅಕ್ಕ."

"ಇನ್ನೊಂದು ಸಲವೂ ಹೀಗೇ ಆದ್ರೆ?"

ಅವನ ಸ್ಕ್ರೂಡ್ರೈವರು ತಿರುಗುತ್ತಲೇ ಇತ್ತು.

"ಹೀಗೇ ಆದ್ರೆ ಮತ್ತೆ ತರಬೇಡ. ಆಣೆ ಹಾಕ್ತೀನಿ ನೋಡು. ಕೊಟ್ಟು ಕೊಟ್ಟು ಕಿತ್ಕೊಂಡ ಹಾಗಾಗುತ್ತೆ ನನಗೆ."

ಹಾಗಂದವಳ ದನಿ ಸ್ವಲ್ಪ ಒಡೆದಿತ್ತು. ಹುಡುಗಿಯಾಗಿದ್ದಾಗಲೇ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ಅವನ ಎದುರು ಕಣ್ಣೀರು ಹಾಕುವ ಜಾತಿಯಲ್ಲ. ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಎದ್ದ.

ಮನೆಗೆ ತಂದು ಎಲ್ಲವನ್ನೂ ಹೊಸದಾಗಿ ತುಂಬಿ ಅಡುಗೆಮನೆಯ ಮೂಲೆಯಲ್ಲಿ ಇಟ್ಟ. ಬೆಳಗಿನಿಂದ ರಾತ್ರಿವರೆಗೆ ಹಾಡಿಸಿದ. ಹಾಡಿತು. ಮರುದಿನವೂ ಹಾಡಿತು. ವಾರ ಕಳೆದರೂ ಹಾಡಿತು. ಹೆಂಡತಿಗೆ ಅಕ್ಕನ ಹಾಡೆಲ್ಲ ಬಾಯಿಪಾಠವಾಯಿತು.

"ರೀ, ಇದಕ್ಕೆ ಏನೂ ಆಗಿಲ್ಲ. ನನ್ನ ತಲೆಗೇ ಏನಾದ್ರೂ ಆದ್ರೆ ಹೇಳಿ" ಅಂದಳು ಅವಳು.

ಅಲ್ಲೇ ಅವನ ತಲೆಗೆ ಹುಳ ಹೊಕ್ಕಿತು. ಇಲ್ಲಿ ಸಾಯುವುದಿಲ್ಲ, ಅಲ್ಲಿ ಸಾಯುತ್ತದೆ. ಲಿಫ್ಟಿನಲ್ಲೂ ಹಾಗೇ ಅಲ್ಲವೇ? ಲಿಫ್ಟು ಎಲ್ಲಾ ಮಹಡಿಯಲ್ಲೂ ಸರಿಯಾಗಿ ನಿಂತು ಒಂದು ಮಹಡಿಯಲ್ಲಿ ಮಾತ್ರ ಮುನಿಸಿಕೊಂಡರೆ ಮೋಟಾರು ಬಿಚ್ಚುತ್ತಾ ಕೂತವನು ಬೆಪ್ಪುತಕ್ಕಡಿ. ಆ ಮಹಡಿಗೆ ಹೋಗಿ ನೋಡಬೇಕು. ಇಷ್ಟು ದಿನ ಕಾರ್ಡು, ಡಿಸ್ಕು ಅಂತ ಮೋಟಾರನ್ನೇ ಬಿಚ್ಚುತ್ತಿದ್ದೆನಲ್ಲ ಅಂತ ಅವನಿಗೆ ತನ್ನ ಮೇಲೇ ನಗು ಬಂತು. ರಜೆ ಹಾಕಿ ಪೆಟ್ಟಿಗೆಯನ್ನು ಎತ್ತಿಕೊಂಡು ಹೋದ.

ಅಕ್ಕನ ಮನೆಯ ಗೋಡೆಯ ಸಾಕೆಟ್ಟಿಗೆ ಮೀಟರು ಹಿಡಿದ, ಕರೆಂಟು ಸರಿಯಾಗಿತ್ತು. ಪೆಟ್ಟಿಗೆ ಇಡುವ ಮೇಜು ಮುಟ್ಟಿ ನೋಡಿದ. ಬಿಸಿಯೂ ಇಲ್ಲ, ತೇವವೂ ಇಲ್ಲ. ಪೆಟ್ಟಿಗೆ ಹಾಡುತ್ತಿತ್ತು, ಅಕ್ಕ ಮಧ್ಯೆ ಮಧ್ಯೆ ಅವನ ಹೆಂಡತಿಯ ಯೋಗಕ್ಷೇಮ ವಿಚಾರಿಸುತ್ತಿದ್ದಳು, ಕ್ಯಾಸೆಟ್ಟಿನ ಹಾಡುಗಳು ಮುಗಿದ ಕೂಡಲೇ ತಾನೇ ಗುಂಡಿ ಒತ್ತುತ್ತ ಅವನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದ. ಏನೂ ಆಗಲಿಲ್ಲ. ಮಧ್ಯಾಹ್ನ ಬ್ರೆಡ್ಡು ತರಲು ಕೆಳಗೆ ಹೋದ. ಬಾಗಿಲು ತೆರೆದೇ ಇತ್ತು. ಹಿಂದಿರುಗಿದವನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಹಾಡು ಮುಗಿಯಿತು. ಆ ಕ್ಯಾಸೆಟ್ಟಿನ ಕೊನೆಯ ಹಾಡು. ಪೆಟ್ಟಿಗೆ ಅವನು ಕಲಿಸಿದ ಹಾಗೆ ಗಪ್‌ಚಿಪ್ಪಾಯಿತು.

ಅಕ್ಕ ಕುರ್ಚಿಯಲ್ಲಿ ನೆಟ್ಟಗಾದಳು. ತಲೆ ವಾಲಿಸಿ ಪೆಟ್ಟಿಗೆಯ ಕಡೆ ಕಿವಿ ಮಾಡಿದಳು. ಕಾದಳು.

"ಹಲೋ?" ಅಂದಳು.

ಗುಮ್ಮ ಹೊಸ್ತಿಲಲ್ಲೇ ಒಂಟಿಕಾಲಲ್ಲಿ ನಿಂತುಬಿಟ್ಟ.

"ಹಲೋ? ಲೈನಲ್ಲಿದ್ದೀರಾ?"

ಪೆಟ್ಟಿಗೆ ಏನು ಹೇಳೀತು? ಅಕ್ಕನ ಕೈ, ನೋಡುವ ಅಗತ್ಯವೇ ಇಲ್ಲದ ಹಾಗೆ, ಸಲೀಸಾಗಿ ಗೋಡೆಗೆ ಹೋಯಿತು. ಪ್ಲಗ್ಗನ್ನು ಒಂದೇ ಎಳೆತಕ್ಕೆ ಕಿತ್ತಳು. ತುದಿಗೆ ಉಫ್ ಅಂತ ಊದಿದಳು. ತಿರುಗಿ ಚುಚ್ಚಿದಳು. ಇದಿಷ್ಟೂ ಎಷ್ಟು ಚೊಕ್ಕವಾಗಿತ್ತೆಂದರೆ ಕಣ್ಣು ಕಾಣುವವರು ಮಾಡಿದ್ದರೂ ಅಷ್ಟು ಅಂದವಾಗುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ 'ಡಿಂಗ್' ಅಂತ ಗಂಟೆ, ಹಿಂದೆಯೇ ಹಾಡು. ಅಕ್ಕ ಸಮಾಧಾನವಾಗಿ ಹಿಂದಕ್ಕೆ ಒರಗಿದಳು.

"ಅಕ್ಕಾ!" ಅಂತ ಕಿರುಚಿದ ಗುಮ್ಮ. ಜೀವಮಾನದಲ್ಲಿ ಅವನು ಕಿರುಚಿದ್ದನ್ನು ಅಕ್ಕ ಕೇಳಿರಲಿಲ್ಲ.

"ಏನೋ? ಏನಾಯ್ತೋ?"

"ಏನು ಮಾಡಿದೆ ಈಗ?"

"ಲೈನ್ ಸತ್ತಿತ್ತು. ತೆಗ್ದು ಹಾಕ್ದೆ."

"ದಿನಾ ಹೀಗೇ ಮಾಡ್ತೀಯಾ?"

"ಇನ್ನೇನು ಮತ್ತೆ? ಅದು ಆಗಾಗ ಸಾಯುತ್ತಲ್ಲ. ತೆಗ್ದು ಹಾಕಿದ್ರೆ ಬದುಕುತ್ತೆ. ಕೇಳಿದೆಯಲ್ಲ ಗಂಟೆ!"

ಹೌದು, ಗಂಟೆ. ಅದನ್ನೂ ಇಟ್ಟವನು ಇವನೇ. ಪ್ಲಗ್ಗು ಕಿತ್ತು ಹಾಕಿದಾಗಲೆಲ್ಲ ಪೆಟ್ಟಿಗೆ 'ಡಿಂಗ್' ಅಂತ ಶಭಾಷ್‌ಗಿರಿ ಕೊಡುತ್ತಿತ್ತು. ಅವಳಿಗೆ ತಪ್ಪೆಂದು ತಿಳಿಯುವುದಾದರೂ ಹೇಗೆ? ಅವನು ಗೋಡೆಗೊರಗಿ ನೆಲದ ಮೇಲೆ ಕೂತು, ಬ್ರೆಡ್ಡನ್ನು ಪಕ್ಕಕ್ಕಿಟ್ಟು, ಮೆಲ್ಲಗೆ ಕೇಳಿದ: "ಅದು ಸತ್ತಿದೆ ಅಂತ ನಿನಗೆ ಹೇಗೆ ಗೊತ್ತಾಗುತ್ತೆ?"

ಕೆಲಸದ ಪ್ರಶ್ನೆ ಕೇಳಿದ್ದೇ ಅಕ್ಕನ ಮುಖ ಅರಳಿತು. "ಸದ್ದೇ ಇರಲ್ಲ ಕಣೋ. ಬೋರ್ಡಿನಲ್ಲಿ ನಮಗೆ ಮೊದಲ ದಿನ ಹೇಳಿಕೊಟ್ಟಿದ್ದೇ ಅದು. ಇಬ್ಬರೂ ಮಾತಾಡದೆ ಸುಮ್ಮನಿದ್ರೂ ಜೀವ ಇರೋ ಲೈನಲ್ಲಿ ಒಂದು ಉಸಿರಿರುತ್ತೆ. ಗುಯ್ಯ್ ಅಂತ, ದೂರದಲ್ಲಿ ಗಾಳಿ ಬೀಸಿದ ಹಾಗೆ. ಅದೂ ಇಲ್ಲ ಅಂದ್ರೆ ಲೈನು ಸತ್ತಿದೆ ಅಂತ. ವಯರು ಕಿತ್ತು, ಊದಿ, ಮತ್ತೆ ಹಾಕೋದು. ಯೋಚನೆ ಮಾಡ್ತಾ ಕೂತ್ರೆ ಆ ಕಡೆಯೋರು ಫೋನ್ ಇಟ್ಟು ಹೋಗಿರ್ತಾರೆ. ಬೈಸಿಕೊಳ್ಳೋರು ನಾವು."

ಗುಮ್ಮನಿಗೆ ಎಲ್ಲ ಬೆಳಕಾಯಿತು. ಕಾರ್ಡಿನದೂ ತಪ್ಪಲ್ಲ, ಡಿಸ್ಕಿನದೂ ತಪ್ಪಲ್ಲ. ಒಳಗೆ ಏನೋ ಬರೆದುಕೊಳ್ಳುತ್ತಿರುವಾಗ ಕರೆಂಟು ಕಿತ್ತರೆ ಅರ್ಧ ಬರೆದದ್ದು ಅರ್ಧವೇ. ಒಂದು ಸಲ ತಪ್ಪಿಸಿಕೊಳ್ಳುತ್ತದೆ, ಹತ್ತು ಸಲ ತಪ್ಪಿಸಿಕೊಳ್ಳುತ್ತದೆ, ಒಂದು ದಿನ ಕಲಸಿಹೋಗುತ್ತದೆ. ಅದನ್ನು ಅವನು ಆದಷ್ಟು ನಯವಾಗಿ ಹೇಳಿದ. ಆದರೂ ಅಕ್ಕನ ಮುಖ ಬಾಡಿತು.

"ಅಂದ್ರೆ ಇಷ್ಟು ದಿನ ಅದನ್ನ ಸಾಯಿಸ್ತಿದ್ದಿದ್ದು ನಾನೇನಾ? ಬದುಕಿಸ್ತಿದೀನಿ ಅಂದ್ಕೊಂಡಿದ್ನಲ್ಲೋ!"

"ಗೊತ್ತಿಲ್ದೆ ಆಗಿದ್ದು ಬಿಡು. ಇನ್ನು ಮೇಲೆ ಕೀಳಬೇಡ, ಅಷ್ಟೇ."

"ಕೀಳಲ್ಲ." ಅಕ್ಕ ಅವನ ದನಿ ಬಂದ ಕಡೆಗೆ ತಿರುಗಿದಳು. ಆಮೇಲೆ ಅಂದಳು: "ಆದ್ರೆ ಒಂದು ಹೇಳು. ಹಾಡು ನಿಂತ ಮೇಲೆ ಅದು ಇದೆಯೋ ಇಲ್ವೋ ಅಂತ ನನಗೆ ಹೇಗೆ ತಿಳೀಬೇಕು? ನಿನಗಾದ್ರೆ ದೀಪ ಕಾಣುತ್ತೆ. ನಾನು ಮತ್ತೆ ಎದುರುಮನೆಯಾಕೆನ ಕರೀಬೇಕಾ? ಅಮ್ಮಾ, ಸ್ವಲ್ಪ ಬಂದು ನೋಡಮ್ಮಾ, ನನ್ನ ಪೆಟ್ಟಿಗೆ ಬದುಕಿದೆಯಾ ಅಂತ?"

ಇದಕ್ಕೆ ಇಂಟರ್‌ನೆಟ್ಟಿನಲ್ಲಿ ಯಾರೂ ಉತ್ತರ ಬರೆದಿರಲಿಲ್ಲ. ಗುಮ್ಮ ಪೆಟ್ಟಿಗೆಯನ್ನು ನೋಡಿದ. ಅವನು ಇಷ್ಟು ದಿನ ಹೆಮ್ಮೆಯಿಂದ ಅಳಿಸಿ ಅಳಿಸಿ ತೆಗೆದದ್ದು ಇವಳು ಕಿವಿಯಿಟ್ಟು ಹುಡುಕುತ್ತಿದ್ದ ಆ ಒಂದು ಉಸಿರನ್ನೇ. ಛೇ, ಎಂಥ ಎಡವಟ್ಟು! ಸ್ಪೀಕರನ್ನು ಮತ್ತೆ ಗುಂಯ್‌ಗುಡಲು ಬಿಡೋಣವೆಂದರೆ, ಒಳಗಿನ ಡಿಸ್ಕು ಸತ್ತರೂ ಅದು ಗುಂಯ್‌ಗುಡುತ್ತಲೇ ಇರುತ್ತದೆ. ಅವನು ಎದ್ದು, "ನಡಿ ಅಕ್ಕ, ಅಂಗಡಿಗೆ ಹೋಗೋಣ" ಅಂದ.

"ನಾನ್ಯಾಕೋ? ನನಗೇನು ಕಾಣುತ್ತೆ ಅಲ್ಲಿ?"

"ಕಾಣೋದು ಬೇಡ. ಕೇಳಿಸಿಕೋ, ಸಾಕು."

ಅಂಗಡಿಯವನು ಇಬ್ಬರನ್ನೂ ನೋಡಿ ಸ್ಟೂಲು ಎಳೆದುಕೊಟ್ಟ. ಗುಮ್ಮ ಬಂದ ಕೆಲಸ ಹೇಳಿದ: ಹಳೇ ಹಾರ್ಡ್ ಡಿಸ್ಕು ಬೇಕು, ತಟ್ಟೆ ತಿರುಗುವಂಥದ್ದು, ಸದ್ದು ಮಾಡುವಂಥದ್ದು.

"ಸದ್ದು ಮಾಡದೇ ಇರೋದು ಅಂದ್ರಾ ಸಾರ್?"

"ಮಾಡೋದು."

ಅಂಗಡಿಯವನು ಅವನ ಮುಖ ನೋಡಿದ, ಅಕ್ಕನ ಮುಖ ನೋಡಿದ. ತನ್ನ ವ್ಯಾಪಾರದ ಜೀವನದಲ್ಲಿ ಯಾರೂ ಕೇಳದ್ದನ್ನು ಕೇಳಿಸಿಕೊಂಡವನ ಹಾಗೆ ಕಿವಿ ಕೆರೆದುಕೊಂಡ. ಆದರೆ ಮನುಷ್ಯ ಕುತೂಹಲದವನು. ಕೌಂಟರಿನ ಕೆಳಗಿಂದ ಒಂದು ಡಬ್ಬ ತೆಗೆದ. ಹಳೇ ಕಂಪ್ಯೂಟರುಗಳಿಂದ ಬಿಚ್ಚಿಟ್ಟ ಡಿಸ್ಕುಗಳು, ಇಟ್ಟಿಗೆಯ ತುಂಡಿನ ಹಾಗೆ ಭಾರ. ಒಂದಕ್ಕೆ ಕರೆಂಟು ಕೊಟ್ಟು ಅಕ್ಕನ ಮುಂದಿಟ್ಟ.

ಅಕ್ಕ ಬಗ್ಗಿ ಕಿವಿಯಿಟ್ಟಳು. "ಇದಕ್ಕೆ ನೆಗಡಿ" ಅಂದಳು.

ಎರಡನೆಯದು ಕೊಟ್ಟ. "ಅಯ್ಯೋ, ಇದು ನಿದ್ದೆಯಲ್ಲಿ ಹಲ್ಲು ಕಡಿಯುತ್ತೆ. ತೆಗೀರಿ, ತೆಗೀರಿ."

ಮೂರನೆಯದು ಶುರುವಾಗುವಾಗಲೇ ಸಿಳ್ಳೆ ಹಾಕಿತು. "ಪೋಲಿ" ಅಂದಳು ಅಕ್ಕ. ಅಂಗಡಿಯವನಿಗೆ ನಗು ತಡೆಯಲಿಲ್ಲ. ಅವನಿಗೂ ಈಗ ಹುರುಪು ಬಂದಿತ್ತು. ಎಸ್‌ಎಸ್‌ಡಿಯ ಜಾಹೀರಾತು ಮರೆತು ಡಬ್ಬದ ತಳಕ್ಕೆ ಕೈ ಹಾಕಿದ. ಒಂದಾದ ಮೇಲೊಂದು ಡಿಸ್ಕು ತಿರುಗಿತು, ಅಕ್ಕ ಒಂದೊಂದಕ್ಕೂ ಕಿವಿಗೊಟ್ಟಳು. ಪ್ರತಿಯೊಂದರಲ್ಲೂ ಏನಿದೆಯೋ ಅಂತ ಅವಳ ಹುಬ್ಬು ಏರುತ್ತಿತ್ತು, ಇಳಿಯುತ್ತಿತ್ತು. ಎಷ್ಟೋ ಕಾಲದ ಮೇಲೆ ಅವಳ ಕೆಲಸ ಅವಳ ಕೈಗೆ ಬಂದಿತ್ತು. ತಮ್ಮ ಪಕ್ಕದಲ್ಲಿ ನಿಂತು ಡಿಸ್ಕು ನೋಡುವುದು ಬಿಟ್ಟು ಅವಳ ಮುಖವನ್ನೇ ನೋಡಿದ.

ಕೊನೆಗೊಂದು ಬಂತು. ಕರೆಂಟು ಸೇರಿದಾಗ ಸಣ್ಣಗೆ ಏರಿ ಒಂದು ಮಟ್ಟದಲ್ಲಿ ನಿಂತಿತು. ತಗ್ಗಿದ, ಸಮನಾದ ದನಿ. ಅಕ್ಕ ಬಗ್ಗಿದವಳು ಹಾಗೇ ಇದ್ದಳು. ಆಮೇಲೆ ಡಿಸ್ಕಿನ ಬೆನ್ನಿನ ಮೇಲೆ ಅಂಗೈ ಇಟ್ಟಳು.

"ಇದು ಹೂಂಗುಟ್ಟುತ್ತೆ ನೋಡೋ" ಅಂದಳು.

"ಏನು?"

"ನಿನಗೆ ಚಿಕ್ಕಂದಿನಲ್ಲಿ ಕತೆ ಹೇಳಿ ಮಲಗಿಸ್ತಿದ್ದೆನಲ್ಲ. ಕತ್ತಲೆಗೆ ಹೆದರ್ತಿದ್ದೆ ನೀನು. ಹೂಂ ಅಂತಿರು, ಇಲ್ಲಾಂದ್ರೆ ಕತೆ ನಿಲ್ಲಿಸಿಬಿಡ್ತೀನಿ ಅಂತಿದ್ದೆ. ನೀನು ಹೂಂ, ಹೂಂ, ಹೂಂ ಅಂತ ಕಣ್ಣು ಮುಚ್ಕೊಂಡೇ ಹೂಂಗುಟ್ಟೋನು. ಇದೂ ಹಾಗೇ. ಕೇಳಿಸಿಕೊಳ್ತಿದೀನಿ, ನೀನು ಹೇಳು ಅಂತ."

ಗುಮ್ಮ ಬಗ್ಗಿ ತಾನೂ ಡಿಸ್ಕಿಗೆ ಕಿವಿಯಿಟ್ಟ.

"ಎಷ್ಟು ದಿನ ಬಾಳುತ್ತಪ್ಪಾ ಇದು?" ಅಂತ ಅಕ್ಕ ಅಂಗಡಿಯವನನ್ನು ಕೇಳಿದಳು.

ಅವನು ಪ್ರಾಮಾಣಿಕವಾಗಿಯೇ ಹೇಳಿದ. "ಹಳೇದು ಅಮ್ಮಾ, ಮಾತು ಕೊಡಕ್ಕಾಗಲ್ಲ. ಆದ್ರೆ ಇಂಥವು ಸಾಮಾನ್ಯವಾಗಿ ಹೋಗೋ ಮುಂಚೆ ಸದ್ದು ಬದಲಾಯಿಸ್ತವೆ. ಎಸ್‌ಎಸ್‌ಡಿ ಹೇಳದೆ ಕೇಳದೆ ಹೋಗಿಬಿಡುತ್ತೆ."

"ಹಾಗಾದ್ರೆ ಇದೇ ಸರಿ" ಅಂದಳು ಅಕ್ಕ. "ಹೋಗೋದಿದ್ರೆ ನನಗೆ ಹೇಳಿಯೇ ಹೋಗುತ್ತೆ."

ಗುಮ್ಮ ಮನೆಯಲ್ಲಿ ಕೂತು ಪೆಟ್ಟಿಗೆಯನ್ನು ದೊಡ್ಡದು ಮಾಡಿದ. ಹಾಡುಗಳನ್ನೆಲ್ಲ ಆ ಡಿಸ್ಕಿಗೆ ತುಂಬಿ, ಇನ್ನೊಂದು ಪ್ರತಿ ತನ್ನ ಹತ್ತಿರ ಇಟ್ಟುಕೊಂಡ. ಕಂಪ್ಯೂಟರು ನಡೆಸುವ ಭಾಗಕ್ಕೆ ಒಂದು ಸಣ್ಣ ಕಾರ್ಡೇ ಸಾಕಾಯಿತು. ಅದಕ್ಕೂ ಡಿಸ್ಕಿಗೂ ಏನನ್ನೂ ಬರೆಯಲಾಗದಂತೆ ಬೀಗ ಹಾಕಿದ. ಅಕ್ಕನ ಕೈ ಹಳೇ ಅಭ್ಯಾಸಕ್ಕೆ ಎಂದಾದರೂ ಪ್ಲಗ್ಗಿಗೆ ಹೋದರೂ ಕಲಸಿಹೋಗುವುದಕ್ಕೆ ಒಳಗೆ ಏನೂ ಇರಬಾರದು. ಕೆಲಸವಿಲ್ಲದಾಗ ನಿದ್ದೆಹೋಗುವ ಚಾಳಿ ಇತ್ತು ಡಿಸ್ಕಿಗೆ; ಅದನ್ನು ಬಿಡಿಸಿದ. ಅದು ಹಗಲೆಲ್ಲ ಮೂಲೆಯಲ್ಲಿ ಹೂಂಗುಟ್ಟುತ್ತಿತ್ತು.

"ಅಲ್ಲಾ ರೀ, ಸದ್ದು ಕಂಡ್ರೆ ಆಗದ ನೀವು ದುಡ್ಡು ಕೊಟ್ಟು ಸದ್ದು ತಂದ್ರಾ?" ಅಂದಳು ಹೆಂಡತಿ.

"ಹೂಂ" ಅಂದ ಅವನು.

ಪೆಟ್ಟಿಗೆ ಅಕ್ಕನ ಮನೆಗೆ ಹೋದ ದಿನ ಅವನು ಹಾಡು ಮುಗಿಯುವ ತನಕ ಕಾದ. ಕ್ಯಾಸೆಟ್ಟಿನ ಕೊನೆಯ ಹಾಡು ಬಂತು, ಮುಗಿಯಿತು. ಅಕ್ಕ ನೆಟ್ಟಗಾದಳು. ಅವಳ ಕೈ ತಾನಾಗಿ ಗೋಡೆಯ ಕಡೆ ಹೊರಟಿತು. ಗುಮ್ಮ ಉಸಿರು ಹಿಡಿದ. ಕೈ ಅರ್ಧದಾರಿಯಲ್ಲಿ ನಿಂತಿತು, ಕಿವಿ ವಾಲಿತು. ಆಮೇಲೆ ಆ ಕೈ ಗೋಡೆಯನ್ನು ಬಿಟ್ಟು ಪೆಟ್ಟಿಗೆಯ ಮೇಲೆ ಬಂದು ಕೂತಿತು. ಅವಳು ಯಾರನ್ನೂ ಏನನ್ನೂ ಕೇಳಲಿಲ್ಲ. ಮೇಲಿನ ಬಾಣದ ಗುಂಡಿ ಹುಡುಕಿ ಒತ್ತಿದಳು, ಬೇರೆ ಹಾಡು ಶುರುವಾಯಿತು. ಅಕ್ಕ ಹುಡುಗಿಯ ಹಾಗೆ ನಕ್ಕಳು. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಎರಡು ಸಲ ಮೂಗೊರೆಸಿಕೊಂಡ.

ಆ ಸಂಜೆ ಮನೆಗೆ ಬಂದು ಅವನೇ ಅವಳಿಗೆ ಫೋನು ಮಾಡಿದ. ಸಾಮಾನ್ಯವಾಗಿ ಮಾಡುವವಳು ಅವಳು.

"ಹೇಗಿದೆ?" ಅಂದ.

"ಇದೆ" ಅಂದಳು ಅಕ್ಕ. ಆಮೇಲೆ ಮಾತು ಹರಿಯಿತು. ಎದುರುಮನೆಯಾಕೆ ಬಂದು ಇದೇನು ಸದ್ದು ಅಂದಳಂತೆ, ಜೀವ ಇರೋ ಲೈನು ಅಂತ ಇವಳು ಹೇಳಿದಳಂತೆ. ಮಾತು ಅಲ್ಲಿಂದ ಎಕ್ಸ್‌ಚೇಂಜಿಗೆ ಹೋಯಿತು, ರಾತ್ರಿಪಾಳಿಯಲ್ಲಿ ಗೊತ್ತುಗುರಿಯಿಲ್ಲದ ಒಬ್ಬ ಮನುಷ್ಯ ಕರೆಮಾಡಿ ಬೆಳಗಾಗುವವರೆಗೆ ಏನೂ ಮಾತಾಡದೆ ಇದ್ದ ಕತೆಗೆ ಹೋಯಿತು. ಗುಮ್ಮ ಸುಮ್ಮನೆ ಕೇಳುತ್ತಿದ್ದ. ಚೆನ್ನಾಗಿತ್ತು ಕತೆ. ಆ ಮನುಷ್ಯ ಯಾರಿರಬಹುದು ಅಂತ ಅವನ ತಲೆ ಓಡತೊಡಗಿತು.

ಅಕ್ಕ ನಿಲ್ಲಿಸಿದಳು. ಅವಳ ಕಡೆಯಿಂದ ಏನೂ ಇಲ್ಲ, ಅವನ ಕಡೆಯಿಂದಲೂ ಏನೂ ಇಲ್ಲ.

"ಲೈನಲ್ಲಿದ್ದೀಯೇನೋ?"

ಸಾವಿರ ಸಲ ಕೇಳಿದ ಮಾತು. ಸಾವಿರ ಸಲ ರೇಗಿದ ಮಾತು. ಈಗ ಅದು ಅವನ ಎದೆಗೆ ಬಂದು ಬಡಿಯಿತು. ಆ ಮನೆಯಲ್ಲಿ ಮುಖ ಕಾಣದೆ, ದೀಪ ಕಾಣದೆ, ಕಲ್ಲಿನಷ್ಟು ಮೌನವಾದ ಫೋನನ್ನು ಕಿವಿಗೆ ಹಿಡಿದು ಅವಳು ಎಷ್ಟು ಸಲ ಹೀಗೆ ಕಾದಿದ್ದಾಳೋ! ಇವನನ್ನೂ ಎಷ್ಟು ಸಲ ಕಿತ್ತು, ಊದಿ, ಮತ್ತೆ ಹಾಕಿದ್ದಾಳೋ! ಅವಳು ಕಟ್ ಮಾಡುತ್ತಾಳೆ ಅಂತ ಅವನು ಬೈದುಕೊಂಡದ್ದೆಲ್ಲ ಅವನನ್ನು ಬದುಕಿಸಿಕೊಳ್ಳುವುದಕ್ಕೆ ಅವಳು ಪಟ್ಟ ಪಾಡು.

"ಹೂಂ" ಅಂದ.

ಆ ಕಡೆ ಅಕ್ಕ ಉಸಿರು ಬಿಟ್ಟದ್ದು ಕೇಳಿಸಿತು. ಕತೆ ಮುಂದುವರಿಯಿತು. ಅವಳು ಒಂದು ಮಾತು ಹೇಳಿದಳು, ಅವನು ಹೂಂ ಅಂದ. ಇನ್ನೊಂದು ಹೇಳಿದಳು, ಹೂಂ. ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿ ಕೈ ನಿಲ್ಲಿಸಿ ಅವನನ್ನೇ ನೋಡಿದಳು. ಏನಾಯ್ತು ಅಂತ ಹುಬ್ಬಿನಲ್ಲೇ ಕೇಳಿದಳು. ಅವನು ಸ್ವಲ್ಪ ತಾಳು ಅಂತ ಕೈ ಆಡಿಸಿದ, ಹೂಂ ಅನ್ನುವುದು ಮಾತ್ರ ನಿಲ್ಲಿಸಲಿಲ್ಲ.

"ಏನೋ ಇದು, ಇವತ್ತು ಇಷ್ಟೊಂದು ಹೂಂಗುಟ್ಟುತ್ತಿದ್ದೀಯಾ? ನಿದ್ದೆ ಬಂತೇನೋ?" ಅಂದಳು ಅಕ್ಕ.

"ಇಲ್ಲ ಅಕ್ಕ" ಅಂದ ಅವನು. "ಇದ್ದೀನಿ. ನೀನು ಹೇಳು."